ಆಸ್ಪತ್ರೆಯ ಮಂಚ ಒರೆಸುವುದು ಹೇಗೆ? ಹತ್ತು ನಿಮಿಷ ಒದ್ದೆ ಬಿಡಿ

ಕೋಲಾರದ ಕಡೆಯ ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ನೆಲ ಫಳಫಳ ಅನ್ನುತ್ತದೆ. ಫಿನಾಯಿಲ್ ವಾಸನೆ ಗೇಟಿನ ತನಕ ಬರುತ್ತದೆ. ಮಂಚದ ಪಕ್ಕದ ಕಂಬಿ ಮುಟ್ಟಿದರೆ ಮಾತ್ರ ಕೈಗೆ ಜಿಡ್ಡು. ನೆಲವನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ಕಂಬಿಯನ್ನು ರೋಗಿ ಹಿಡಿಯುತ್ತಾನೆ, ನರ್ಸ್ ಹಿಡಿಯುತ್ತಾರೆ, ಟಿಫಿನ್ ಕ್ಯಾರಿಯರ್ ತಂದ ಅತ್ತೆಯೂ ಹಿಡಿಯುತ್ತಾರೆ.

ಒಣಗಿದ ಮೇಲೆ ವೈರಸ್ ಸತ್ತೇ ಹೋಯಿತು ಅಂದುಕೊಳ್ಳಬೇಡಿ. ಫ್ಲೂ ವೈರಸ್ ಸ್ಟೀಲು, ಪ್ಲಾಸ್ಟಿಕ್ ಮೇಲೆ ಒಂದೆರಡು ದಿನ ಉಳಿಯಬಲ್ಲದು. ಒಣಗಿದ ರಕ್ತದ ಕಲೆಯಲ್ಲಿ ಹೆಪಟೈಟಿಸ್ ಬಿ ವೈರಸ್‌ಗೆ ಕಡಿಮೆ ಅಂದರೂ 7 ದಿನ ಆಯಸ್ಸು.

ಮೊದಲು ದಪ್ಪ ರಬ್ಬರ್ ಗ್ಲೌಸ್, ಮಾಸ್ಕ್ ಹಾಕಿ, ಕಿಟಕಿ ತೆರೆಯಿರಿ. ಹಾಸಿಗೆ ಬಟ್ಟೆಯನ್ನು ಕೊಡವದೆ ಸುತ್ತಿ ತೆಗೆಯಿರಿ.

ಆಮೇಲೆ ಸೋಪು ನೀರು. ಕೊಳೆ ಇರುವ ಕಡೆ ನೇರವಾಗಿ ವೈರಸ್ ಕೊಲ್ಲುವ ಔಷಧಿ ಹಾಕಿದರೆ ಅದರ ಶಕ್ತಿಯನ್ನು ಕೊಳೆಯೇ ತಿಂದುಬಿಡುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ನೊರೆ ಬರುವುದಿಲ್ಲ. ಅದಕ್ಕೆ ಸೋಪಿನ ಪುಡಿ ಜಾಸ್ತಿ ಸುರಿಯುತ್ತಾರೆ. ಸುಮ್ನೆ ದಂಡ. ಅದು ಬಿಳಿ ಪದರವಾಗಿ ಕಂಬಿಗೆ ಅಂಟಿ, ಮತ್ತೆ ಧೂಳು ಹಿಡಿಯುತ್ತದೆ. ಸ್ವಲ್ಪ ಸೋಪು ಹಾಕಿ, ಚೆನ್ನಾಗಿ ಉಜ್ಜಿ, ಬರೀ ನೀರಿನಲ್ಲಿ ಒರೆಸಿ.

ಎಡವಟ್ಟಾಗುವುದು ಹೈಪೋ ಬೆರೆಸುವಾಗ. ಹೈಪೋ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ನಮಗೆ ಬೇಕಾದದ್ದು 1 ಪರ್ಸೆಂಟ್ ದ್ರಾವಣ. ಒಂದು ಮಗ್ ಹೈಪೋಗೆ ಒಂಬತ್ತು ಮಗ್ ನೀರು ಅಂತ ಬಾಯಿಪಾಠ ಮಾಡಿಕೊಂಡವರು ಬಹಳ. ಕ್ಯಾನ್ 10 ಪರ್ಸೆಂಟಿನದಾದರೆ ಅದು ಸರಿ. 5 ಪರ್ಸೆಂಟಿನ ಕ್ಯಾನ್ ಬಂದ ದಿನವೂ ಅದೇ ಲೆಕ್ಕ ಹಾಕಿದರೆ ಸಿಗುವುದು ಅರ್ಧ ಪರ್ಸೆಂಟ್. ಅದಕ್ಕೆ ಲೇಬಲ್ ಓದಲೇಬೇಕು. ಅಲ್ಲಿರುವ ಅಂಕಿಯಲ್ಲಿ ಒಂದು ಕಳೆದರೆ ಎಷ್ಟು ಮಗ್ ನೀರು ಅನ್ನುವುದು ಗೊತ್ತಾಗುತ್ತದೆ: 10 ಇದ್ದರೆ ಒಂಬತ್ತು, 5 ಇದ್ದರೆ ನಾಲ್ಕು. ಲೇಬಲ್ಲೇ ಇಲ್ಲದ, ಪೆಪ್ಸಿ ಬಾಟಲಿಗೆ ತುಂಬಿ ಮಾರುವ ಹೈಪೋ ಪುಕ್ಕಟೆ ಕೊಟ್ಟರೂ ಬೇಡ.

ಬ್ಲೀಚಿಂಗ್ ಪೌಡರ್ ಆದರೆ, 30 ಪರ್ಸೆಂಟ್ ಕ್ಲೋರಿನ್ ಇರುವ ಒಳ್ಳೆಯ ಪುಡಿ ಲೀಟರಿಗೆ ಸುಮಾರು 33 ಗ್ರಾಂ. ಬಾಯಿ ತೆರೆದು ಮೂಲೆಯಲ್ಲಿಟ್ಟ ಹಳೇ ಮೂಟೆಯಲ್ಲಿ ಅಷ್ಟು ಶಕ್ತಿ ಉಳಿದಿರುವುದಿಲ್ಲ. ನನ್ನನ್ನು ಕೇಳಿದರೆ ಪುಡಿಯ ಸಹವಾಸವೇ ಬೇಡ. ಗಂಟು ಕಟ್ಟುತ್ತದೆ, ಅಡಿಯಲ್ಲಿ ಗಸಿ ನಿಲ್ಲುತ್ತದೆ.

ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ತಣ್ಣೀರು ಮೊದಲು, ಹೈಪೋ ಆಮೇಲೆ. ಪ್ರತಿದಿನ ಹೊಸದಾಗಿ ಬೆರೆಸಿ, ಬಿಸಿಲಿಗೆ ಇಡಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದಿಗೂ ಸೇರಿಸಬೇಡಿ. ಏಳುವ ಕ್ಲೋರಿನ್ ಗಾಳಿ ಶ್ವಾಸಕೋಶವನ್ನೇ ಸುಡುತ್ತದೆ. ವಾಸನೆ ಚೆನ್ನಾಗಿರಲಿ ಅಂತ ಫಿನಾಯಿಲ್ ಸುರಿಯುವುದೂ ಬೇಡ. ಘಮಘಮ ಅನ್ನುವುದಕ್ಕೂ ವೈರಸ್ ಸಾಯುವುದಕ್ಕೂ ಸಂಬಂಧ ಇಲ್ಲ.

ಈಗ ಒರೆಸುವುದು. ಕಡಿಮೆ ಕೊಳೆಯ ಜಾಗದಿಂದ ಜಾಸ್ತಿ ಕೊಳೆಯ ಜಾಗಕ್ಕೆ, ಮೇಲಿನಿಂದ ಕೆಳಕ್ಕೆ. ಐವಿ ಸ್ಟ್ಯಾಂಡ್, ಲಾಕರ್ ಹಿಡಿ, ಕಂಬಿ, ಮಂಚ ಎತ್ತುವ ಹ್ಯಾಂಡಲ್. ಈ ಹ್ಯಾಂಡಲ್ಲನ್ನು ಎಲ್ಲರೂ ಮರೆಯುತ್ತಾರೆ. ಸ್ವಿಚ್ಚಿಗೆ ಮಾತ್ರ ಹೈಪೋ ಬೇಡ, 70 ಪರ್ಸೆಂಟ್ ಸ್ಪಿರಿಟ್ ಹಾಕಿದ ಬಟ್ಟೆ ಸಾಕು. ಹತ್ತಿರ ಆಕ್ಸಿಜನ್ ಹರಿಯುತ್ತಿದ್ದರೆ ಅದೂ ಬೇಡ, ಬೆಂಕಿ ಹತ್ತೀತು. ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಪಿರಿಟ್ ಅಷ್ಟಾಗಿ ನಾಟುವುದಿಲ್ಲ, ಅಲ್ಲಿ ಹೈಪೋನೇ ಬೇಕು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒಂದು ಮಗ್ಗುಲು ಕೊಳೆಯಾದರೆ ಇನ್ನೊಂದು ಮಗ್ಗುಲು ತಿರುಗಿಸಿ. ಒಂದು ಮಂಚಕ್ಕೆ ಒಂದು ಬಟ್ಟೆ. ಅದೇ ಬಟ್ಟೆಯಲ್ಲಿ ಇಡೀ ವಾರ್ಡ್ ಒರೆಸುವುದು ವೈರಸ್‌ಗೆ ಬಸ್ ಪಾಸ್ ಕೊಟ್ಟ ಹಾಗೆ.

ಹೈಪೋ ಸವರಿದ ತಕ್ಷಣ ಒಣಬಟ್ಟೆ ಎಳೆಯಬೇಡಿ. ಎಲ್ಲರೂ ಕೆಡಿಸುವುದು ಇಲ್ಲೇ. ಹತ್ತು ನಿಮಿಷ ಮೇಲ್ಮೈ ಒದ್ದೆಯಾಗಿ ಕಾಣಬೇಕು. ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ಓಡುತ್ತಿದ್ದರೆ ಅಷ್ಟು ಹೊತ್ತು ಒದ್ದೆ ಉಳಿಯುವುದಿಲ್ಲ. ಫ್ಯಾನ್ ಆರಿಸಿ. ಒಣಗಿದರೆ ಮತ್ತೆ ಸವರಿ. ಗೋಡೆ ಗಡಿಯಾರ ನೋಡಿ, ಅಂದಾಜು ಬೇಡ. ರೋಗಿ ಮಲಗಿರುವಾಗ ಇದೆಲ್ಲ ಆಗುವುದಿಲ್ಲ, ಹಾಸಿಗೆ ಖಾಲಿಯಾದಾಗಲೇ ಮಾಡಿ. ಹೊಸ ರೋಗಿ ಹೊರಗೆ ಕಾಯುತ್ತಿದ್ದಾರೆ ಅಂತ ಮೇಲಿನವರು ಅವಸರ ಮಾಡುತ್ತಾರೆ. ಕಾಯಲಿ.

ಹತ್ತು ನಿಮಿಷ ಆದ ಮೇಲೆ ನೀರಿನ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿನ ಗುಳಿಯಲ್ಲಿ ಕೂತ ಕೊಳೆ ಆಮೇಲೆ ಸುಲಭಕ್ಕೆ ಬರುವುದಿಲ್ಲ.

ರಕ್ತ ಚೆಲ್ಲಿದ್ದರೆ ಮಾಪ್ ಹಾಕಿ ಎಳೆದಾಡಬೇಡಿ. ಹಳೇ ಪೇಪರ್ ಮುಚ್ಚಿ, ಮೇಲೆ 1 ಪರ್ಸೆಂಟ್ ಹೈಪೋ ಸುರಿದು ಹತ್ತು ನಿಮಿಷ ಬಿಡಿ. ಪೇಪರನ್ನು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿ, ಆ ಜಾಗಕ್ಕೆ ಇನ್ನೊಮ್ಮೆ ಹೈಪೋ ಹಾಕಿ ಮತ್ತೆ ಹತ್ತು ನಿಮಿಷ ಬಿಟ್ಟು ಒರೆಸಿ.

ಕೊನೆಗೆ ಬಟ್ಟೆಗಳನ್ನು ಒಗೆದು ಬಿಸಿಲಲ್ಲಿ ಹರಡಿ, ಬಕೆಟ್ ಬೋರಲು ಹಾಕಿ. ಗ್ಲೌಸ್ ಬಿಚ್ಚಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಗ್ಲೌಸ್ ಹಾಕಿದ್ದೆನಲ್ಲ ಅನ್ನಬೇಡಿ.