ಮುಚ್ಚಳ ತೆಗೆಸಿ ನೋಡಿ ಕೊಂಡ ಸಿಪಿಯು

2021ರಲ್ಲಿ ಮೊದಲ ಸಲ ರೀಫರ್ಬಿಶ್ಡ್ (ಬಳಸಿದ್ದನ್ನು ಸರಿಮಾಡಿ ಮಾರುವ) ಸಿಪಿಯು ಕೊಂಡಾಗ ನಾನು ನೋಡಿದ್ದು ಮುಂದೆ ಅಂಟಿಸಿದ್ದ, ಇಂಟೆಲ್ ಪ್ರೊಸೆಸರಿನ ‘ಐ7’ ಸ್ಟಿಕ್ಕರನ್ನು ಮಾತ್ರ. ಶಾಲೆ ಮುಚ್ಚಿತ್ತು, ವಿಜ್ಞಾನದ ಪಾಠಗಳನ್ನು ಮೊಬೈಲಿನಲ್ಲಿ ಚಿತ್ರಿಸಿ, ಎಡಿಟ್ ಮಾಡಿ ಮಕ್ಕಳಿಗೆ ಕಳಿಸಬೇಕಿತ್ತು. ಎರಡು ವರ್ಷ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ಎಡಿಟಿಂಗ್ ತೆವಳತೊಡಗಿತು. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋಗುತ್ತದೆಂದು ಯಾರೋ ಹೇಳಿದರು. ಜಿಟಿ 1030 ಕಾರ್ಡ್ ತಂದು, ಮುಚ್ಚಳ ತೆಗೆದು ಕೂರಿಸಲು ಹೋದರೆ ಕಾರ್ಡು ಕ್ಯಾಬಿನೆಟ್‌ಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರ! ನನ್ನದು ಸ್ಲಿಮ್ ಕ್ಯಾಬಿನೆಟ್. ಅದಕ್ಕೆ ‘ಲೋ ಪ್ರೊಫೈಲ್’ ಎನ್ನುವ ಗಿಡ್ಡ ಕಾರ್ಡುಗಳೇ ಬೇಕು. ಕಾರ್ಡ್ ತಿರುಗಿ ಡಬ್ಬಿ ಸೇರಿತು, ಡಬ್ಬಿ ಬೀರು ಸೇರಿತು.

ಹಾಗಾಗಿ 2025ರ ಬೇಸಿಗೆ ರಜೆಯಲ್ಲಿ ಇನ್ನೊಂದು ಕೊಳ್ಳಲು ಹೊರಟಾಗ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೆ. ಈಗ ಒಳಗೆ ಏನಿದೆ ಎನ್ನುವುದಕ್ಕಿಂತ ನಾಳೆ ಒಳಗೆ ಏನು ಹಾಕಬಹುದು ಎಂದು ನೋಡಬೇಕು. ರ‍್ಯಾಮ್, ಡಿಸ್ಕ್ ಯಾವಾಗ ಬೇಕಾದರೂ ಬದಲಾಗುತ್ತವೆ. ಕ್ಯಾಬಿನೆಟ್, ಮದರ್‌ಬೋರ್ಡ್, ಎಸ್‌ಎಂಪಿಎಸ್ (ಕರೆಂಟ್ ಪೂರೈಸುವ ಡಬ್ಬಿ) ಈ ಮೂರು ಸುಲಭಕ್ಕೆ ಬದಲಾಗುವುದಿಲ್ಲ. ಕಚೇರಿಗಳಿಂದ ಬರುವ ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳಲ್ಲಿ ಎಸ್‌ಎಂಪಿಎಸ್‌ನ ಕನೆಕ್ಟರ್ ಹೆಚ್ಚಾಗಿ ಅವರವರದ್ದೇ. ಅಂಗಡಿಯಲ್ಲಿ ಸಿಗುವ ಮಾಮೂಲಿ 24 ಪಿನ್ನಿನದು ನೇರವಾಗಿ ಕೂರುವುದಿಲ್ಲ.

ಪ್ರೊಸೆಸರ್ ಬಗ್ಗೆಯೂ ಹೇಳಬೇಕು, ಏಕೆಂದರೆ ಜನ ಮೋಸಹೋಗುವುದು ಇಲ್ಲೇ. ನನ್ನ ಹಳೆಯದು ಐ7-4770. ಗೆರೆಯ ನಂತರದ 4 ಎಂದರೆ ನಾಲ್ಕನೇ ಜನರೇಷನ್, 2013ರದ್ದು, ನಾಲ್ಕು ಕೋರ್, ಡಿಡಿಆರ್3 ರ‍್ಯಾಮ್. ಐ5-8500 ಎಂದರೆ ಎಂಟನೇ ಜನರೇಷನ್, 2018ರದ್ದು, ಆರು ಕೋರ್, ಡಿಡಿಆರ್4. ಐದಕ್ಕಿಂತ ಏಳು ದೊಡ್ಡದು ಎಂದು ದುಡ್ಡು ಕೊಟ್ಟರೆ ಐದು ವರ್ಷ ಹಿಂದಕ್ಕೆ ಹೋದ ಹಾಗೆ. ಎಂಟನೆಯದೇ ಬೇಕೆಂದು ಹಟ ಹಿಡಿಯಲು ಇನ್ನೊಂದು ಕಾರಣವಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಷನ್ನಿನಿಂದ ಮೇಲಿನದೇ ಆಗಬೇಕು.

ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದೆ. ಅಲ್ಲಿಂದ ಮೆಟ್ರೊದಲ್ಲಿ ಒಂದೇ ಸ್ಟೇಷನ್ ಚಿಕ್ಕಪೇಟೆ, ಇಳಿದು ನಡೆದರೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್. ಬ್ಯಾಗಿನಲ್ಲಿ ಒಂದು ಪೆನ್‌ಡ್ರೈವ್ ಇಟ್ಟುಕೊಂಡಿದ್ದೆ. ಅದರಲ್ಲಿ ಇನ್‌ಸ್ಟಾಲ್ ಮಾಡದೆಯೇ ಓಡಿಸಬಹುದಾದ ಉಬುಂಟು ಹಾಕಿಕೊಂಡಿದ್ದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಅಂಗಡಿಯವರು ಹಾಕಿಟ್ಟ ವಿಂಡೋಸ್‌ನಲ್ಲಿ ಯಂತ್ರ ಪರೀಕ್ಷಿಸುವುದಕ್ಕಿಂತ ನಮ್ಮದೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿದರೆ ಸೌಂಡ್, ಲ್ಯಾನ್, ಯುಎಸ್‌ಬಿ ಪೋರ್ಟು ಎಲ್ಲದರ ನಿಜಸ್ಥಿತಿ ತಿಳಿಯುತ್ತದೆ.

ಮೊದಲ ಅಂಗಡಿಯಲ್ಲಿ ಮುಚ್ಚಳ ತೆಗೆದು ತೋರಿಸಿ ಎಂದೆ.

“ಬಿಲ್ ಆದ್ಮೇಲೆ ತೋರಿಸ್ತೀವಿ ಮೇಡಂ. ಸೀಲ್ ಹೋದ್ರೆ ವಾರಂಟಿ ಇರಲ್ಲ.”

ಅಲ್ಲಿಂದ ಎದ್ದೆ. ಎರಡನೆಯವರು ತೋರಿಸಿದರು, ಆದರೆ ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟ ತೆರೆದರೆ ‘ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸೇವೆಯ ಮೂಲಕ’ ಎಂದಿತ್ತು. ನನಗೆ ಯಾವ ಸಂಸ್ಥೆ? ಮನೆಗೆ ಕೊಳ್ಳುವ ಯಂತ್ರದಲ್ಲಿ ಈ ಸಾಲು ಕಂಡರೆ ಅದು ಸರಿಯಾದ ಲೈಸೆನ್ಸ್ ಅಲ್ಲ.

ಮೂರನೇ ಅಂಗಡಿಯ ಹುಡುಗ ನಾನು ಕೇಳುವ ಮೊದಲೇ ಡೆಲ್ ಆಪ್ಟಿಪ್ಲೆಕ್ಸ್ 5060 ಟವರ್ ಒಂದನ್ನು ಮಲಗಿಸಿ ಮುಚ್ಚಳ ಎಳೆದ. ಕೈಯಿಂದ ಬಿಚ್ಚಬಹುದಾದ ಭಾಗಗಳೆಲ್ಲ ನೀಲಿ ಬಣ್ಣದವು. ರ‍್ಯಾಮ್‌ಗೆ ನಾಲ್ಕು ಸ್ಲಾಟ್, ಒಂದರಲ್ಲಿ ಮಾತ್ರ 8 ಜಿಬಿ. ಇದು ನನಗೆ ಬಹಳ ಮುಖ್ಯವಾಗಿತ್ತು. 8 ಜಿಬಿ ಎಂದು ಹೇಳಿ ಎರಡೇ ಸ್ಲಾಟಿನ ಯಂತ್ರದಲ್ಲಿ 4 ಮತ್ತು 4 ಹಾಕಿದ್ದರೆ, ನಾಳೆ ಹೆಚ್ಚಿಸುವಾಗ ಒಂದನ್ನಾದರೂ ಕಿತ್ತು ಪಕ್ಕಕ್ಕಿಡಬೇಕಾಗುತ್ತದೆ. ಬೋರ್ಡಿನ ಮೇಲೆ ಎಂ.2 ಸ್ಲಾಟ್ (ಪಟ್ಟಿಯಂಥ ಡಿಸ್ಕ್ ಕೂರುವ ಜಾಗ) ಖಾಲಿ. ಪೂರ್ತಿ ಎತ್ತರದ ಕಾರ್ಡಿಗೆ ಜಾಗ. ಇಡೀ ಯಂತ್ರವೇ ಬೀರುವಿನಲ್ಲಿದ್ದ ನನ್ನ ಕಾರ್ಡಿಗಾಗಿ ಕಾದ ಹಾಗೆ ಕಂಡಿತು.

ಎಫ್2 ಒತ್ತಿ ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋದೆ, ಪಾಸ್‌ವರ್ಡ್ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಏಕೆಂದರೆ ಹಿಂದಿನ ಕಂಪನಿಯ ಬೀಗ ಯಾವುದಕ್ಕೆಲ್ಲ ಬಿದ್ದಿದೆಯೋ ತಿಳಿಯುವುದಿಲ್ಲ. ಎಫ್12 ಒತ್ತಿ ಪೆನ್‌ಡ್ರೈವ್‌ನಿಂದ ಓಡಿಸಿ ಹಾರ್ಡ್‌ಡಿಸ್ಕಿನ ಸ್ಮಾರ್ಟ್ ಮಾಹಿತಿ (ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಆರೋಗ್ಯದ ಲೆಕ್ಕ) ತೆಗೆದರೆ, ಅದು ಓಡಿದ್ದು 27 ಸಾವಿರ ಗಂಟೆ. ಮೂರು ವರ್ಷ ಹಗಲೂ ರಾತ್ರಿ ಓಡಿದರೆ 26,280 ಗಂಟೆ, ಅಂದರೆ ಇದು ಎಲ್ಲೋ ಕಚೇರಿಯಲ್ಲಿ ರಾತ್ರಿಯೂ ಆರದೆ ಉರಿದ ಯಂತ್ರ. ಬೋರ್ಡಿಗೆ ಅದರಿಂದ ತೊಂದರೆ ಕಾಣಲಿಲ್ಲ, ಡಿಸ್ಕ್ ಮಾತ್ರ ನನಗೆ ಬೇಡವಾಗಿತ್ತು. ಅದನ್ನು ಅವರಿಗೇ ಬಿಟ್ಟು 14,500ಕ್ಕೆ ಮಾತು ಮುಗಿಸಿದೆ. ಬಿಲ್ಲಿನಲ್ಲಿ ಡೆಲ್ ಪ್ರತಿ ಯಂತ್ರಕ್ಕೂ ಕೊಡುವ ಸರ್ವಿಸ್ ಟ್ಯಾಗ್ ಸಂಖ್ಯೆ ಬರೆಸಿಕೊಂಡೆ. ಅದೇ ಸಾಲಿನಲ್ಲಿ ಇನ್ನೊಂದು 8 ಜಿಬಿ ರ‍್ಯಾಮ್ 1,600ಕ್ಕೆ, ಎಂ.2 ಸ್ಲಾಟಿಗೆ ಹಾಕುವ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ 3,000ಕ್ಕೆ ಸಿಕ್ಕವು. ರ‍್ಯಾಮ್ ಒಂದರ ಬದಲು ಎರಡು ಕಡ್ಡಿ ಇದ್ದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಮಾಹಿತಿ ಎರಡು ದಾರಿಯಲ್ಲಿ ಒಟ್ಟಿಗೆ ಓಡಾಡುತ್ತದೆ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಬಳಸುವುದರಿಂದ ಅದಕ್ಕೆ ಇದರ ಲಾಭ ಜಾಸ್ತಿ.

ಮನೆಯಲ್ಲಿ ಮೊದಲ ತಡೆ ಒಂದು ಸ್ಕ್ರೂನಿಂದ ಬಂತು. ಎಂ.2 ಎಸ್‌ಎಸ್‌ಡಿ ಸ್ಲಾಟಿಗೆ ಓರೆಯಾಗಿ ಹೋಗುತ್ತದೆ, ಬಿಟ್ಟರೆ ತುದಿ ಮೇಲೆದ್ದು ನಿಲ್ಲುತ್ತದೆ. ಬೆರಳಿನಿಂದ ಒತ್ತಿ ಹಿಡಿದು ತುದಿಗೆ ಕಡಲೆಬೇಳೆಗಿಂತ ಚಿಕ್ಕದೊಂದು ಸ್ಕ್ರೂ ಹಾಕಬೇಕು. ಅದು ಡ್ರೈವಿನ ಡಬ್ಬಿಯಲ್ಲೂ ಇಲ್ಲ, ಬೋರ್ಡಿನಲ್ಲೂ ಇಲ್ಲ. ಟೇಪ್ ಹಚ್ಚಿ ಕೆಲಸ ಸಾಗಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ, ಬಿಸಿಗೆ ಅಂಟು ಬಿಡುತ್ತದೆ. ಮಗಳು ಸೈಕಲ್ ಹತ್ತಿ ಲ್ಯಾಪ್‌ಟಾಪ್ ರಿಪೇರಿಯವರ ಹತ್ತಿರ ಹೋಗಿ ಹತ್ತು ರೂಪಾಯಿಗೆ ಎರಡು ತಂದಳು. ಎರಡನೆಯದು ಈಗಲೂ ಕ್ಯಾಬಿನೆಟ್ ಒಳಗೆ ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿದೆ.

ಪ್ರೊಸೆಸರ್ ಮೇಲೆ, ಅದರ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಎಲೆಗೆ ಹಚ್ಚಿ ಮರೆತ ಸುಣ್ಣದ ಹಾಗೆ ಒಣಗಿ ಬಿರುಕು ಬಿಟ್ಟಿತ್ತು. ಹೀಟ್‌ಸಿಂಕ್‌ನ ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಹೊಸ ಪೇಸ್ಟನ್ನು ಬಟಾಣಿ ಕಾಳಿನಷ್ಟು ಇಟ್ಟೆ. ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ 90 ಡಿಗ್ರಿ ಮುಟ್ಟುತ್ತಿದ್ದ ಶಾಖ 70ರ ಆಸುಪಾಸಿಗೆ ಇಳಿಯಿತು. ವಿಂಡೋಸ್ 11 ಹಾಕಿದೆ, ಲೈಸೆನ್ಸ್ ಕೀ ಬೋರ್ಡಿನಲ್ಲೇ ಇದ್ದುದರಿಂದ ಕೇಳದೆಯೇ ಆ್ಯಕ್ಟಿವೇಟ್ ಆಯಿತು. ಹಿಂದೆ ಇದ್ದದ್ದು ಡಿಸ್‌ಪ್ಲೇಪೋರ್ಟ್, ನನ್ನ ಮಾನಿಟರ್ ವಿಜಿಎ, ಹಾಗಾಗಿ ಒಂದು ಅಡಾಪ್ಟರ್ ಖರ್ಚು. ವೈಫೈ ಇರಲಿಲ್ಲ, ಲ್ಯಾನ್ ವೈರ್ ಎಳೆದುಕೊಂಡೆ.

ಇಪ್ಪತ್ತು ನಿಮಿಷದ ಪಾಠವನ್ನು ಎಕ್ಸ್‌ಪೋರ್ಟ್ ಮಾಡಲು ಹಳೆಯ ಯಂತ್ರ ಒಂದು ಗಂಟೆ ದಾಟಿಸುತ್ತಿತ್ತು. ಇದು ಎಂಟು ನಿಮಿಷದಲ್ಲಿ ಮುಗಿಸಿತು, ಇನ್ನೂ ಗ್ರಾಫಿಕ್ಸ್ ಕಾರ್ಡ್ ಹಾಕುವ ಮೊದಲೇ. ಹುಡುಕಿ ಓದಿದ ಮೇಲೆ ಕಾರಣ ತಿಳಿಯಿತು. 2023ರಲ್ಲಿ ನಾನು ಮೊಬೈಲ್ ಬದಲಿಸಿದ್ದೆ, ಹೊಸದು ಎಚ್‌ಇವಿಸಿ ಎಂಬ ಮಾದರಿಯಲ್ಲಿ ವಿಡಿಯೊವನ್ನು ಕುಗ್ಗಿಸಿ ಚಿತ್ರಿಸುತ್ತದೆ. ನಾಲ್ಕನೇ ಜನರೇಷನ್ನಿನ ಗ್ರಾಫಿಕ್ಸ್‌ಗೆ ಹಾಗೆ ಕುಗ್ಗಿಸಿದ್ದನ್ನು ಬಿಡಿಸುವ ಯಂತ್ರಾಂಗವೇ ಇಲ್ಲ, ಎಲ್ಲ ಭಾರವೂ ಪ್ರೊಸೆಸರ್ ತಲೆಗೆ ಬೀಳುತ್ತಿತ್ತು. ಎಂಟನೆಯದರ ಯುಎಚ್‌ಡಿ 630ರಲ್ಲಿ ಬಿಡಿಸುವುದೂ ಇದೆ, ಇಂಟೆಲ್‌ನ ವಿಡಿಯೊ ಯಂತ್ರಾಂಗವಾದ ಕ್ವಿಕ್ ಸಿಂಕ್‌ನಿಂದ ಮರಳಿ ಕಟ್ಟುವುದೂ ಇದೆ.

ಆದರೂ ಎರಡು ವರ್ಷ ಕಾದ ಕಾರ್ಡಲ್ಲವೇ, ಬೀರುವಿನಿಂದ ತೆಗೆದು ಹಾಕಿದೆ. ಚೆಂದವಾಗಿ ಕೂತಿತು. ಅದೇ ಪಾಠ, ಅದೇ ಎಂಟು ನಿಮಿಷ. ಜಿಟಿ 1030ರಲ್ಲಿ ವಿಡಿಯೊ ಕಟ್ಟುವ ಎನ್‌ಕೋಡರ್ ಇಲ್ಲವೇ ಇಲ್ಲ, ಬಿಡಿಸುವುದು ಮಾತ್ರ ಬರುತ್ತದೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರ ಮನೆಯಲ್ಲಿ ಹಳೆಯ ಟವರ್ ಇದೆ, ಅವರದ್ದೂ ಮೊಬೈಲ್ ವಿಡಿಯೊ ಮುಗ್ಗರಿಸುವ ತೊಂದರೆಯೇ. ಮುಂದಿನ ಭಾನುವಾರ ಕಾರ್ಡ್ ತೆಗೆದುಕೊಂಡು ಅವರ ಮನೆಗೆ ಹೋದೆ. ಹೋಗುವ ಮೊದಲು ಫೋನ್ ಮಾಡಿ, ಸ್ಕೇಲ್ ಹಿಡಿದು ಕ್ಯಾಬಿನೆಟ್ ಒಳಗಿನ ಅಗಲ ಅಳೆದು ಹೇಳಿ ಸಾರ್ ಎಂದಿದ್ದೆ.