ಏರು, ಇಳಿಜಾರಿನ ಊರಲ್ಲಿ ಓಟ ಶುರು ಮಾಡುವುದು ಹೇಗೆ?

ಓಡಬೇಕು ಅಂತ ಹೊರಟವರಲ್ಲಿ ಎಷ್ಟೋ ಜನ ಎರಡನೇ ವಾರಕ್ಕೇ ಕೈಬಿಡುತ್ತಾರೆ. ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಮೊದಲ ದಿನವೇ ಜೋರಾಗಿ ಓಡಿ, ಏದುಸಿರು ಬಂದು, ಮರುದಿನ ಮೆಟ್ಟಿಲು ಇಳಿಯಲೂ ಆಗದೆ ಕೂತರೆ ಯಾರಿಗೆ ತಾನೇ ಮತ್ತೆ ಶೂ ಹಾಕುವ ಮನಸ್ಸಾಗುತ್ತದೆ? ಕೊಡಗಿನಲ್ಲಂತೂ ಗೇಟು ದಾಟಿದರೆ ಏರು, ಇಲ್ಲವೇ ಇಳಿಜಾರು. ಇಲ್ಲಿ ನಿಧಾನವಾಗಿ ಓಡಲು ಕಲಿತವರೇ ಉಳಿಯುವುದು.

ಮೊದಲು ಸಪಾಟು ಜಾಗ ಹುಡುಕಿ. ಮಡಿಕೇರಿಯವರಿಗೆ ಮ್ಯಾನ್ಸ್ ಕಾಂಪೌಂಡ್ ಮೈದಾನ ಇದೆ. ಕುಶಾಲನಗರದ ಕಡೆಯವರಿಗೆ ಈ ಚಿಂತೆಯೇ ಕಡಿಮೆ. ಉಳಿದವರಿಗೆ ಊರಿನ ಶಾಲೆಯ ಮೈದಾನ ಸಾಕು.

ಶೂ ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಬೆರಳಿನ ಮುಂದೆ ಒಂದು ಹೆಬ್ಬೆರಳಷ್ಟು ಜಾಗ ಇರಲಿ. ದುಬಾರಿಯದೇ ಬೇಕಿಲ್ಲ.

ಈಗ ಓಟ. 5 ನಿಮಿಷ ಚುರುಕಾಗಿ ನಡೆಯಿರಿ. ಆಮೇಲೆ 1 ನಿಮಿಷ ಓಡಿ, ಒಂದೂವರೆ ನಿಮಿಷ ನಡೆಯಿರಿ. ಹೀಗೇ 20 ನಿಮಿಷ. ವಾರಕ್ಕೆ 3 ದಿನ, ನಡುವೆ ಒಂದೊಂದು ದಿನ ಬಿಡುವು. ಹೊಸಬರನ್ನು 5 ಕಿಲೋಮೀಟರ್ ಓಟಕ್ಕೆ ಅಣಿ ಮಾಡಲು 1996ರಲ್ಲಿ ಅಮೆರಿಕದ ಜೋಶ್ ಕ್ಲಾರ್ಕ್ ರೂಪಿಸಿದ 'ಕೌಚ್ ಟು 5ಕೆ' ಎಂಬ ಅಭ್ಯಾಸಕ್ರಮ ಶುರುವಾಗುವುದೂ ಹೀಗೆಯೇ. ಅದರಲ್ಲಿ ಓಟದ ಹೊತ್ತು ವಾರವಾರ ಹೆಚ್ಚುತ್ತಾ ಹೋಗಿ, 9ನೇ ವಾರಕ್ಕೆ ಅರ್ಧ ಗಂಟೆ ನಿಲ್ಲದೆ ಓಡುವ ಮಟ್ಟಕ್ಕೆ ಬರುತ್ತೀರಿ. 9ರ ಬದಲು 15 ವಾರ ಹಿಡಿದರೂ ಏನೂ ತೊಂದರೆ ಇಲ್ಲ. ಕಷ್ಟ ಅನ್ನಿಸಿದ ವಾರವನ್ನು ಮತ್ತೊಮ್ಮೆ ಮಾಡಿ.

ವೇಗ ಎಷ್ಟಿರಬೇಕು? ಓಡುತ್ತಲೇ ಪಕ್ಕದವರನ್ನು "ನಿಮ್ಮ ತೋಟಕ್ಕೆ ಈ ಸಲ ಹೂಮಳೆ ಸರಿಯಾಗಿ ಬಂತಾ?" ಅಂತ ತಡವರಿಸದೆ ಕೇಳಲು ಆಗಬೇಕು. ಮಾತು ನಡುವೆ ತುಂಡಾಯಿತೋ, ವೇಗ ಜಾಸ್ತಿಯಾಗಿದೆ ಅಂತಲೇ ಲೆಕ್ಕ. ಮಡಿಕೇರಿ ಎತ್ತರದಲ್ಲಿದೆ, ಅದಕ್ಕೇ ಉಸಿರು ಸಾಲುವುದಿಲ್ಲ ಅನ್ನುವವರಿದ್ದಾರೆ. ಸುಮಾರು 1,150 ಮೀಟರ್ ಎತ್ತರದಲ್ಲಿ ಹೊಸಬರಿಗೆ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಉಸಿರು ಕಟ್ಟಿಸುವುದು ರಸ್ತೆಯ ಏರು.

ಆ ಏರಿನಲ್ಲಿ ಹೆಜ್ಜೆ ಚಿಕ್ಕದಾಗಲಿ. ನಡೆಯಬೇಕು ಅನ್ನಿಸಿದರೆ ನಡೆಯಿರಿ, ನಾಚಿಕೆ ಬೇಡ. ನಿಜವಾಗಿ ಕಾಲು ಹಿಡಿಯುವುದು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಇಡೀ ದೇಹದ ಭಾರಕ್ಕೆ ಬ್ರೇಕ್ ಹಾಕುತ್ತಿರುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ, ನೋವು ಬರುವುದು ಮರುದಿನ ಅಥವಾ ಅದರ ಮರುದಿನ. ಹಾಗಾಗಿ ಮೊದಲ ಒಂದೆರಡು ತಿಂಗಳು ಇಳಿಜಾರನ್ನು ನಡೆದೇ ಇಳಿಯಿರಿ. ಇದೊಂದು ಮಾತನ್ನು ದಯವಿಟ್ಟು ಮರೆಯಬೇಡಿ.

ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆ ತೋಟದ ರಸ್ತೆಯಲ್ಲಿ ಓಡುವವರು ಪೂರ್ತಿ ಬೆಳಕಾಗುವವರೆಗೆ ಹೊರಡಲೇಬೇಡಿ. ಕಾಡಾನೆ ಕಾಫಿ ಗಿಡದ ಮರೆಯಲ್ಲಿ ನಿಂತಿದ್ದರೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಕಿವಿಗೆ ಇಯರ್‌ಫೋನ್ ಬೇಡ. ತೋಟದ ಕೆಲಸದವರಿಗೆ ಆನೆ ಎಲ್ಲಿದೆ ಅಂತ ಸಾಮಾನ್ಯವಾಗಿ ಗೊತ್ತಿರುತ್ತದೆ, ಒಂದು ಮಾತು ಕೇಳಿ. ಮಂಜು ದಟ್ಟವಾಗಿದ್ದ ದಿನ ಮುಖ್ಯರಸ್ತೆಗೆ ಇಳಿಯಬೇಡಿ, ತಿರುವಿನಲ್ಲಿ ಜೀಪಿನವರಿಗೆ ನೀವು ಕಾಣುವುದಿಲ್ಲ.

ಸ್ನಾಯು ಬಿಗಿದಂತಾಗಿ ಎರಡು ದಿನ ನೋಯುವುದು ಮಾಮೂಲು. ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೆ ಒತ್ತಿದರೆ ನೋವಾದರೆ ಓಟ ನಿಲ್ಲಿಸಿ, ವಾಸಿಯಾಗಲಿ. ಎದೆನೋವು, ತಲೆಸುತ್ತು ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಬಿಪಿ, ಶುಗರ್ ಇರುವವರು ಶುರು ಮಾಡುವ ಮೊದಲೇ ಅವರನ್ನು ಕೇಳಬೇಕು.

ಇನ್ನು ಮಳೆಗಾಲ. ಜಿಟಿಜಿಟಿ ಮಳೆಯಲ್ಲಿ ಓಡಬಹುದು, ಪಾಚಿ ಕಟ್ಟಿದ ಸಿಮೆಂಟ್ ರಸ್ತೆಯಲ್ಲಿ ಮಾತ್ರ ಬೇಡ. ಒದ್ದೆ ಶೂ ಒಲೆ ಮೇಲೆ ಒಣಗಿಸಿದರೆ ಅಂಟು ಬಿಡುತ್ತದೆ. ಒಳಗಿನ ಅಟ್ಟೆ ತೆಗೆದು, ಹಳೆ ಪೇಪರ್ ಉಂಡೆ ಮಾಡಿ ತುರುಕಿ, ಅದು ನೆನೆದ ಮೇಲೆ ಬದಲಾಯಿಸಿ. ಜೋರು ಮಳೆಗೆ ಎರಡು ವಾರ ಓಟ ತಪ್ಪಿತೇ? ನಿಲ್ಲಿಸಿದ ಕಡೆಯಿಂದ ಮುಂದುವರಿಸದೆ ಎರಡು ವಾರ ಹಿಂದಿನ ಲೆಕ್ಕದಿಂದ ಮತ್ತೆ ಹಿಡಿಯಿರಿ.