ಕಲ್ಲು ಚಪ್ಪಡಿ ಕೊಟ್ಟಿಗೆ ಕೊನೆಗೂ ನಿಂತಿತು: ನನ್ನ ಅನುಭವ

ಕೋಲಾರದ ಕಡೆ ಹಳೇ ತೋಟಗಳಲ್ಲಿ ಕಲ್ಲು ಕೊಟ್ಟಿಗೆ ನೋಡಿರುತ್ತೀರಿ. ಕಲ್ಲಿಟ್ಟು ಮಣ್ಣಲ್ಲಿ ಕಟ್ಟಿದ ಗೋಡೆ, ಮೇಲೆ ಹೊದಿಕೆಗೆ ಚಪ್ಪಡಿ. ಮರ ಇಲ್ಲ, ಕಬ್ಬಿಣ ಇಲ್ಲ. ಅಂಥದ್ದೇ ಕಟ್ಟುತ್ತೇನೆ ಅಂದಾಗ ಊರವರೆಲ್ಲ ‘ಸುಮ್ನೆ ಬ್ಲಾಕ್ ಇಟ್ಟು ಶೀಟ್ ಹೊದಿಸಪ್ಪ’ ಅಂದರು. ಹೋದ ಮಳೆಗಾಲ ಪೂರ್ತಿ ಒಳಗೆ ಒಂದು ಹನಿ ಬೀಳಲಿಲ್ಲ. ಈಗ ಅವರೇ ಬಂದು ಅಳತೆ ಕೇಳುತ್ತಿದ್ದಾರೆ.

ಮೊದಲ ಗೋಡೆ ಮಾತ್ರ ಕೈಕೊಟ್ಟಿತು. ಒಂದೂವರೆ ಅಡಿ ದಪ್ಪ, ಒಳಗೊಂದು ಹೊರಗೊಂದು ಕಲ್ಲಿನ ಮೈ, ನಡುವೆ ಕಲ್ಲಿನ ಚಕ್ಕೆ, ಮಣ್ಣು. ಜೋರು ಮಳೆಗೆ ನಡುವಿನ ಮಣ್ಣು ನೆನೆದು ಹೊರಮೈ ಹೊಟ್ಟೆ ಬಿಟ್ಟಿತು. ಬಿಚ್ಚಿ ನೋಡಿದರೆ ಎರಡೂ ಮೈಯನ್ನು ಹಿಡಿದಿಡುವ ಕಲ್ಲು ಒಂದೂ ಇಲ್ಲ! ಕೆಲಸ ಬೇಗ ಮುಗಿಯಲಿ ಅಂತ ಮೇಸ್ತ್ರಿ ಉದ್ದ ಕಲ್ಲನ್ನೆಲ್ಲ ಗೋಡೆಯುದ್ದಕ್ಕೆ ಮಲಗಿಸಿದ್ದರು. 30 ಸಾವಿರದ ಹತ್ತಿರ ಹೋಯಿತು. ಎರಡನೇ ಸಲ ನಾನೇ ನಿಂತು ಕಟ್ಟಿಸಿದೆ. ಎರಡು ವರಸೆಗೊಮ್ಮೆ (ವರಸೆ ಅಂದರೆ ಒಂದರ ಮೇಲೊಂದು ಬರುವ ಕಲ್ಲಿನ ಸಾಲು), ಮೂರ್ನಾಲ್ಕು ಅಡಿಗೊಂದರಂತೆ, ಗೋಡೆಯ ದಪ್ಪ ಪೂರ್ತಿ ಹಾಯುವ ಕಲ್ಲು ಕೂರಿಸಿದೆವು. ಆಮೇಲೆ ಒಂದಿಂಚೂ ಅಲುಗಿಲ್ಲ.

ಚಪ್ಪಡಿ ಎಷ್ಟುದ್ದ ಸಿಗುತ್ತೋ ಅದಕ್ಕೆ ತಕ್ಕ ಹಾಗೆ ಕೊಟ್ಟಿಗೆಯ ಅಗಲ. ನನಗೆ ಸಿಕ್ಕಿದ್ದು 7 ಅಡಿಯವು. ಅದಕ್ಕೇ ನಡುವೆ ಕಲ್ಲುಕಂಬದ ಸಾಲು, ಅದರ ಮೇಲೆ ಕಲ್ಲಿನ ತೊಲೆ. ಎರಡಡಿ ಅಗಲ, ಮೂರಿಂಚು ದಪ್ಪ ಅಂದರೆ ಒಂದೊಂದು ಚಪ್ಪಡಿ 260 ಕೆಜಿ ತೂಗುತ್ತೆ. ಗೋಡೆಗೆ ಮಣ್ಣಿನ ದಿಬ್ಬ ಒಡ್ಡಿ, ಅಡಿಗೆ ಉರುಳೆ ಕೊಟ್ಟು, ಎಂಟು ಜನ ಎಳೆದೆವು. ಎರಡು ಚಪ್ಪಡಿ ನಟ್ಟನಡುವೆ ಸೀಳಿದವು. ಒಂದರ ಕೆಳಗೆ ಗೋಡೆಯ ತಲೆ ಬರೀ ಹೆಬ್ಬೆರಳಷ್ಟು ಉಬ್ಬಿತ್ತು, ಅಷ್ಟೇ. ಇನ್ನೊಂದು ಮೊದಲೇ ಒಳಗೆ ಬಿರುಕು ಬಿಟ್ಟಿದ್ದದ್ದು. ಆಮೇಲೆ ಪ್ರತಿಯೊಂದನ್ನೂ ಸುತ್ತಿಗೆಯಿಂದ ತಟ್ಟಿ ನೋಡಿದೆ. ಒಳ್ಳೇದು ಗಂಟೆ ಥರ ಠಣ್ ಅನ್ನುತ್ತೆ, ಬಿರುಕು ಇದ್ದದ್ದು ದಬ್ ಅನ್ನುತ್ತೆ.

ಚಪ್ಪಡಿಗಳ ನಡುವಿನ ಸಂದಿನ ವಿಷಯದಲ್ಲಿ ಒಂದು ಪ್ರಯೋಗ ಮಾಡಿದೆ. ಅರ್ಧ ಚಾವಣಿಗೆ ಸಿಮೆಂಟ್, ಇನ್ನರ್ಧಕ್ಕೆ ಸುಣ್ಣ, ಇಟ್ಟಿಗೆ ಪುಡಿಯ ಗಾರೆ. ಮೊದಲ ಬೇಸಿಗೆಗೇ ಸಿಮೆಂಟು ಕೂದಲೆಳೆಯಷ್ಟು ಬಿರಿದು ಸೋರಿತು. ಗಾರೆ ಅಲ್ಲಾಡಲಿಲ್ಲ. ಸಿಮೆಂಟನ್ನೆಲ್ಲ ಕೆತ್ತಿ ಗಾರೆಯನ್ನೇ ತುಂಬಿದೆ. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಎರಡೂ ಬೀಳುತ್ತವೆ. ಎಷ್ಟು, ಯಾವಾಗ ಅನ್ನೋದು ಇಲ್ಲಿ ಬೇಡ, ಬಂದವರಿಗೆ ಕೈಯಾರೆ ಕಲಸಿ ತೋರಿಸುತ್ತೇನೆ. ವಾಟ, ಅಂದರೆ ನೀರು ಹರಿಯುವ ಇಳಿಜಾರು, ಮಾತ್ರ ಹಿಂದಕ್ಕೆ ಜಾಸ್ತಿ ಇರಲಿ. ನಾನು ಅಂಗೈ ಅಗಲ ಕೊಟ್ಟಿದ್ದೇನೆ.

ಕೆಡವಿದ ಗೋಡೆಯೂ ಸೇರಿ ಎರಡು ಲಕ್ಷದ ಆಸುಪಾಸು ಆಯ್ತು. ಅರ್ಧ ಕಲ್ಲು ನಮ್ಮದೇ ಬಿದ್ದುಹೋದ ಬಾವಿಯದು, ಪುಕ್ಕಟೆ. ಕೊಂಡು ತರುವವರು ಆ ಲೆಕ್ಕ ಸೇರಿಸಿಕೊಳ್ಳಬೇಕು. ಉಳಿದ ನಾಲ್ಕು ಚಪ್ಪಡಿಯಲ್ಲಿ ಈಗ ಹಸುಗಳಿಗೆ ನೀರಿನ ತೊಟ್ಟಿ ಕಟ್ಟುತ್ತಿದ್ದೇನೆ.